ಮಕ್ಕಳಿಲ್ಲದವರ ತೆರಿಗೆ

ಓಶ್ ಪಟ್ಟಣದ ರೇಷ್ಮೆ ಕಾರ್ಖಾನೆಯೊಂದರಲ್ಲಿ ಕುದಿನೀರಿಗೆ ಕೈ ಹಾಕಿ ಗೂಡಿನ ನೂಲು ಬಿಚ್ಚುವುದು ಅನಾರ್‌ಕುಲ್‌ಳ ಕೆಲಸ. ಬೆರಳು ಬೇಯಿಸಿಕೊಂಡು ದುಡಿದ ಆ ಸಂಬಳದಲ್ಲಿ ನೂರಕ್ಕೆ ಆರನ್ನು ಸೋವಿಯತ್ ಸರ್ಕಾರ ಹಿಡಿದುಕೊಳ್ಳುತ್ತಿತ್ತು, ಅವಳು ಹೆರಲಿಲ್ಲವೆಂದು. ಮಕ್ಕಳಿಲ್ಲದವರಿಗೆಂದೇ ಒಂದು ತೆರಿಗೆ ಇತ್ತು. ಅತ್ತೆಯ ಬಾಯಿ ಸಾಲದೆಂದು ಸರ್ಕಾರವೂ ತಿಂಗಳಿಗೊಮ್ಮೆ ಅವಳನ್ನು ಬಂಜೆ ಎಂದು ಕರೆದು, ಕೆಳಗೆ ಸಹಿಯನ್ನೂ ಹಾಕಿಸಿಕೊಳ್ಳುತ್ತಿತ್ತು.

"ದೇಶ ನಡೀತಿರೋದೇ ನಿನ್ನಿಂದ ಕಣೇ," ಎಂದು ಪಕ್ಕದ ತೊಟ್ಟಿಯ ಉಮ್ಸುನಾಯ್ ಕೆಣಕುವಳು. "ನೀನು ಹೆತ್ತುಬಿಟ್ರೆ ಮಾಸ್ಕೋದಲ್ಲಿ ಒಲೆ ಉರಿಯಲ್ಲ."

ಹನ್ನೊಂದು ವರ್ಷ ಕಾದು ಹೆತ್ತಳು. ಮಗನಿಗೆ ತುರ್ಸುನ್ ಎಂದು ಹೆಸರಿಟ್ಟರು, 'ಉಳಿಯಲಿ' ಎಂದು ಅದರ ಅರ್ಥ. ಜನನಪತ್ರವನ್ನು ಕಚೇರಿಯ ಗುಮಾಸ್ತೆ ಸಬಿರಾಳ ಮೇಜಿನ ಮೇಲಿಟ್ಟ ದಿನ ಅನಾರ್‌ಕುಲ್ ಇಡೀ ಕಾರ್ಖಾನೆಗೆ ಸಿಹಿ ಹಂಚಿದಳು. ಕಡಿತ ನಿಂತಿತು.

ತುರ್ಸುನ್ ಉಳಿದದ್ದು ಎರಡೂವರೆ ವರ್ಷ. ದಡಾರ ಬಂತು, ಹೋದ. ಜೊತೆಗೆ ದುಡಿಯುವ ಹೆಂಗಸರೆಲ್ಲ ಮನೆಗೆ ಬಂದು ಅತ್ತರು. ಕಚೇರಿಗೆ ಮಾತ್ರ ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

"ತಿಳಿಸಿಬಿಡೇ," ಎಂದ ಗಂಡ ಮಾಮಸಾಲಿ. "ಗೊತ್ತಾದ್ರೆ ಕಳ್ಳಿ ಅಂತಾರೆ."

"ಅನ್ಲಿ ಬಿಡಿ. ಆ ಒಂದು ಕಾಗದದಲ್ಲಾದ್ರೂ ಅವನು ಬದುಕಿದಾನೆ. ಅಲ್ಲೂ ನನ್ನ ಕೈಯಾರೆ ಸಾಯಿಸಲಾ?"

ಹೊಸ ವರ್ಷದ ಸಭೆಗೆ ರಾಜಧಾನಿಯಿಂದ ಭಾಷಣಕಾರನೊಬ್ಬ ಬಂದ. ಹೊಟ್ಟೆ ತುಂಬಿದವನ ದನಿ. "ಬಂಡವಾಳಗಾರರ ಸರ್ಕಾರ ಜನರ ಜೇಬಿಗೆ ಕೈ ಹಾಕಿ ಬದುಕುತ್ತೆ. ನಮ್ಮ ಸರ್ಕಾರಕ್ಕೆ ತೆರಿಗೆಯೇ ಬೇಕಿಲ್ಲ! ವರ್ಷ ವರ್ಷವೂ ತೆಗೆದುಹಾಕ್ತಾ ಹೋಗ್ತೀವಿ!" ಜನ ಚಪ್ಪಾಳೆ ತಟ್ಟಿದರು. ತಟ್ಟದಿದ್ದರೆ ಅದನ್ನೂ ಬರೆದುಕೊಳ್ಳುವವರಿದ್ದರು.

ಆಮೇಲೆ ಕಾರ್ಮಿಕರ ಮಕ್ಕಳಿಗೆ ಮಿಠಾಯಿ ಪೊಟ್ಟಣ. ಸಬಿರಾ ಪಟ್ಟಿ ನೋಡಿ ಹೆಸರು ಕೂಗಿದಳು. "ತುರ್ಸುನ್, ಮಾಮಸಾಲಿಯ ಮಗ!"

"ಹೋಗಿ ಇಸ್ಕೊಂಡು ಬಾರೇ, ಯಾರೂ ಬಾಯಿ ಬಿಡಲ್ಲ," ಎಂದು ಉಮ್ಸುನಾಯ್ ಪಿಸುಗುಟ್ಟಿದಳು. ಅನಾರ್‌ಕುಲ್ ಎದ್ದು ಹೋದಳು. ಪೊಟ್ಟಣದ ಮೇಲೆ ಮಗನ ಹೆಸರು ಬರೆದಿತ್ತು. ಅದನ್ನು ಹಿಡಿಯಲು ಕೈ ಬರಲಿಲ್ಲ.

"ಮರಿ ಎಲ್ಲಿದಾನಮ್ಮ, ಮನೇಲಾ?" ಭಾಷಣಕಾರ ನಕ್ಕು ಕೇಳಿದ.

"ಮಣ್ಣಲ್ಲಿ," ಎಂದಳು.

ಮುಂದಿನ ಸಂಬಳದ ದಿನ ಸಬಿರಾ ತಲೆ ಎತ್ತದೆ ಪುಸ್ತಕ ತಳ್ಳಿದಳು. "ಮತ್ತೆ ಹಿಡೀತಾರೆ ಅಕ್ಕಾ. ಅವನು ತೀರ್ಕೊಂಡ ತಿಂಗಳಿಂದ ಲೆಕ್ಕ."

"ತೆರಿಗೆ ಬೇಡ ಅಂದ್ರಲ್ಲ ಅವತ್ತು?"

"ಅದು ಮುಂದಕ್ಕೆ." ಸಬಿರಾ ನಾಲ್ಕು ಮಕ್ಕಳ ತಾಯಿ, ಕೆಟ್ಟವಳಲ್ಲ. ಏನಾದರೂ ಸಮಾಧಾನ ಹೇಳಬೇಕೆನಿಸಿತು. "ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನಲವತ್ತೈದು ತುಂಬಿದ್ರೆ ಇದು ತಾನಾಗೇ ನಿಲ್ಲುತ್ತೆ. ಇನ್ನೆಂಟೇ ವರ್ಷ."

ಅನಾರ್‌ಕುಲ್ ಸಹಿ ಹಾಕಿ ಪೆನ್ನು ಕೆಳಗಿಟ್ಟಳು.

"ಸರ್ಕಾರಕ್ಕೆ ಎಂಟು ವರ್ಷ, ಸರಿ. ನನಗೆ ಯಾವತ್ತು ನಿಲ್ಲುತ್ತಂತೆ? ಅದನ್ನೂ ಬರೆದಿದಾರಾ, ನೋಡಿ ಹೇಳಮ್ಮ."