ಕನ್ನಡಿಯೊಳಗಿನ ಗಡಿಯಾರ

ದರ್ಜಿಯಮ್ಮನ ಮಗಳಿಗೆ ಮೂರು ತಿಂಗಳ ಸಂಬಳ ಇನ್ನೂ ಬರಬೇಕು. ಕಂಪ್ಯೂಟರ್ ಗ್ರಾಫಿಕ್ಸ್ ಓದಲು ಕಾಲೇಜು ಸೇರುವ ಮೊದಲು ಅವಳು ಎರಡು ವರ್ಷ ಒಂದು ಗೇಮ್ ಕಂಪನಿಯಲ್ಲಿ ದುಡಿದಳು. ಕಂಪನಿ ಎಂದರೆ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ, ಆರು ಕುರ್ಚಿ, ಒಂದಕ್ಕೆ ಕೈಯಿಲ್ಲ. ನೇಮಕದ ಕಾಗದ ಯಾರಿಗೂ ಕೊಟ್ಟಿರಲಿಲ್ಲ.

ಅವರು ಮಾಡಿದ ಆಟದಲ್ಲಿ ಒಂದು ಹಳೇ ಮನೆ, ಅದರೊಳಗೊಂದು ನಿಲುವುಗನ್ನಡಿ. ನಿಜವಾದ ಪ್ರತಿಬಿಂಬ ತೋರಿಸಹೋದರೆ ಅಗ್ಗದ ಫೋನುಗಳು ಏದುಸಿರು ಬಿಡುತ್ತಿದ್ದವು. ಅವಳು ಕನ್ನಡಿ ಇರುವ ಕಡೆ ಗೋಡೆಗೆ ಕಂಡಿ ಕೊರೆದು, ಆಚೆ ಅಂಥದ್ದೇ ಇನ್ನೊಂದು ಕೋಣೆ ಕಟ್ಟಿ, ಸಾಮಾನನ್ನೆಲ್ಲ ಎಡಬಲ ಮಾಡಿಟ್ಟಳು. ಈಚೆ ಆಡುವವನು ನಡೆದರೆ ಆಚೆ ಅವನ ಜೋಡಿಯೂ ನಡೆಯುತ್ತಾನೆ. ಕನ್ನಡಿಯೇ ಇಲ್ಲ, ಬರೀ ತೂತು.

ಈ ಎದುರುಬದುರಿನ ಲೆಕ್ಕ ಅಮ್ಮನ ಕತ್ತರಿಯದು. "ಅಂಗಿಯ ಎರಡು ತೋಳೂ ಒಂದೇ ಅಲ್ಲ ಕಣೇ," ಎನ್ನುತ್ತಿದ್ದಳು ಅಮ್ಮ. "ಹೊಲಿಗೆ ಅಂಗಡಿ ಸೇರಿದ ಮೊದಲನೇ ವಾರ ನಾನು ಎರಡೂ ಎಡತೋಳೇ ಕತ್ತರಿಸಿಬಿಟ್ಟಿದ್ದೆ. ಅಂಗಡಿಯವನು, ಹೋಗು, ಎರಡು ಎಡಗೈ ಇರೋ ಗಿರಾಕೀನ ಹುಡುಕ್ಕೊಂಡು ಬಾ ಅಂದಿದ್ದ."

ಮಗಳೂ ಒಂದು ಎಡತೋಳು ಕತ್ತರಿಸಿದಳು. ಎರಡು ಕೋಣೆಯ ಗಡಿಯಾರಕ್ಕೂ ಒಂದೇ ಪ್ರೋಗ್ರಾಂ ಬರೆದುಬಿಟ್ಟಳು. ಕನ್ನಡಿಯಲ್ಲಿ ಮುಳ್ಳು ಹಿಂದಕ್ಕೆ ತಿರುಗಬೇಕು. ಇಲ್ಲಿ ಮುಂದಕ್ಕೇ ತಿರುಗಿತು. ಗೊತ್ತಾಗುವ ಹೊತ್ತಿಗೆ ಆಟ ಜನರ ಕೈ ಸೇರಿತ್ತು.

ಆಟ ಚೆನ್ನಾಗಿ ಓಡಿತು. "ಹೇಗೂ ಕೂತಿದ್ದೀಯಲ್ಲಮ್ಮಾ" ಎಂದು ಮಾಲೀಕ ಕಂಪನಿಯ ವೆಬ್‌ಸೈಟನ್ನೂ ಅವಳಿಂದಲೇ ಮಾಡಿಸಿದ. 'ನಮ್ಮ ತಂಡ' ಎಂಬ ಪುಟಕ್ಕೆ ಆರು ಹೆಸರು ಹಾಕಿದವಳು ಅವಳೇ. ನಿಂತುಹೋದ ಸಂಬಳ ಕೇಳಿದ ಮರುವಾರ ಅವಳು ಹೊರಗೆ. ಪುಟದಲ್ಲಿ ಉಳಿದದ್ದು ಮಾಲೀಕನ ಮುಖವೊಂದೇ. ಕಾರ್ಮಿಕ ಕಚೇರಿಯ ಗುಮಾಸ್ತ ಅರ್ಜಿಯನ್ನು ತಿರುವಿಹಾಕಿ, "ನೀನೇ ಮಾಡಿದ್ದು ಅನ್ನೋದಕ್ಕೆ ಗುರುತೇನಮ್ಮಾ?" ಎಂದ.

ಹೋದ ತಿಂಗಳು ಅದೇ ಮಾಲೀಕ ಅವಳ ತರಗತಿಗೆ ಅತಿಥಿಯಾಗಿ ಬಂದ. ಪರದೆಯ ಮೇಲೆ ಕನ್ನಡಿ ತೋರಿಸಿ, "ಇದು ನನ್ನ ಕೈಚಳಕ" ಎಂದ.

ಅವಳು ಹಿಂದಿನ ಬೆಂಚಿನಿಂದ ಎದ್ದಳು. "ಸಾರ್, ಕನ್ನಡಿಯೊಳಗಿನ ಗಡಿಯಾರ ಯಾಕೆ ನೆಟ್ಟಗೆ ತಿರುಗ್ತಿದೆ?"

ಅವನು ಪರದೆ ನೋಡಿದ, ಅವಳನ್ನು ನೋಡಿದ. "ಅದಾ? ಬೇಕಂತಲೇ ಹಾಗಿಟ್ಟಿದ್ದು. ಅದು ಕಲೆ."

"ಕಲೆನೂ ಇಲ್ಲ, ಬದನೇಕಾಯೂ ಇಲ್ಲ. ಅದು ತಪ್ಪು. ತಪ್ಪು ನಂದು. ಎಲ್ಲಿ ಆಗಿದೆ, ಹೇಗೆ ಸರಿ ಮಾಡಬೇಕು, ಈಗಲೇ ಬರೀತೀನಿ."

ಮೇಷ್ಟ್ರು ಪೆನ್ನು ಅವಳ ಕೈಗಿಟ್ಟರು. ಬೋರ್ಡಿನ ಮೇಲೆ ಮೂರು ಸಾಲು ಬಿತ್ತು. ಮಾಲೀಕ ನೀರು ಕುಡಿದು, "ಆಮೇಲೆ ಮಾತಾಡೋಣಮ್ಮಾ" ಎಂದು ಬ್ಯಾಗು ಎತ್ತಿಕೊಂಡ. ಆ ಆಮೇಲೆ ಇನ್ನೂ ಬಂದಿಲ್ಲ.

"ನೋಡ್ದ್ಯಾ, ಕೊನೆಗೆ ನಿನ್ನ ಕೈ ಹಿಡಿದದ್ದು ಆ ಎಡತೋಳೇ," ಎಂದು ಅಮ್ಮ ಸೂಜಿಗೆ ದಾರ ಪೋಣಿಸಿದಳು.

ಆ ಕನ್ನಡಿ ಅವಳೇ ಮಾಡಿದ್ದೆಂದು ತರಗತಿಯ ಅರವತ್ತು ಜನ ಸಹಿ ಹಾಕಿದ ಹಾಳೆ ಕಾರ್ಮಿಕ ಕಚೇರಿ ಸೇರಿದೆ. ಕಡತ ಮಲಗಿದೆ. ಅರವತ್ತು ಸಾಲದು ಎಂದಾಯಿತು.

ಆ ಆಟ ನಿಮ್ಮ ಫೋನಿನಲ್ಲೂ ಇದ್ದೀತು. ಕನ್ನಡಿಯ ಮುಂದೆ ನಿಂತು ಗಡಿಯಾರ ನೋಡಿ. ಮುಳ್ಳು ಮುಂದಕ್ಕೆ ತಿರುಗುತ್ತಿದ್ದರೆ, ಆಟಕ್ಕೆ ಅಂಕ ಕೊಡುವ ನಕ್ಷತ್ರಗಳನ್ನಷ್ಟೇ ಒತ್ತಿ ಎದ್ದುಹೋಗಬೇಡಿ. ಅದರ ಕೆಳಗೆ ನಿಮ್ಮ ಹೆಸರು ಹಾಕಿ ಬರೆಯಿರಿ: ಈ ತಪ್ಪು ಮಾಡಿದವಳ ಮೂರು ತಿಂಗಳ ಸಂಬಳ ಕೊಡು.