ಬಿಳಿ ಮರಿಯ ಹಿಂದೆ ಬಡಿದ ತಟ್ಟೆ

ಶಕ್ತಿನಗರದಲ್ಲಿ ಮಾವ ನಾಯಿಮರಿ ಮಾರುತ್ತಾರೆ. ಮಚ್ಚೆಮಚ್ಚೆ ಬೂದು ಹೆಣ್ಣುನಾಯಿಗೆ ಕಪ್ಪು ಗಂಡುನಾಯಿಯನ್ನು ಕೂಡಿಸಲು ಹೊರಟಾಗ ನಾನು ತಡೆಯಲು ನೋಡಿದ್ದೆ. ಆ ಮಚ್ಚೆಯ ಜೀನು ಕಪ್ಪು ನಾಯಿಯಲ್ಲೂ ಅಡಗಿರಬಹುದು. ತಂದೆತಾಯಿ ಇಬ್ಬರಿಂದಲೂ ಬಂದರೆ ಮರಿ ಬಿಳಿಯಾಗಿ, ಕಿವುಡಾಗಿ ಹುಟ್ಟಬಹುದು. ಕಪ್ಪು ನಾಯಿಯ ಕೆನ್ನೆಯೊಳಗೆ ಹತ್ತಿ ಆಡಿಸಿ ಲ್ಯಾಬಿಗೆ ಕಳಿಸಿದ್ದರೆ ಗೊತ್ತಾಗುತ್ತಿತ್ತು.

“ಎಂತ ಟೆಸ್ಟ್ ಮಾರಾಯ? ಕಪ್ಪು ಅಂತ ಕಣ್ಣಿಗೇ ಕಾಣ್ತದಲ್ಲ!” ಎಂದು ಮಾವ ನಕ್ಕರು.

ಮಾರ್ಚ್‌ನಲ್ಲಿ ಐದು ಮರಿ ಹುಟ್ಟಿದವು, ಒಂದು ಅಚ್ಚ ಬಿಳಿ. ಸ್ವಲ್ಪ ದೊಡ್ಡವಾದ ಮೇಲೆ ಊಟದ ತಟ್ಟೆ ಬಡಿದರೆ ನಾಲ್ಕೇ ಓಡಿ ಬರುತ್ತಿದ್ದವು.

ಮೊನ್ನೆ ಭಾನುವಾರ ದೇರೆಬೈಲಿನ ಕುಟುಂಬವೊಂದು ಬಂತು. ಅವರ ಪುಟ್ಟ ಮಗಳು ಬಿಳಿ ಮರಿಯನ್ನೇ ಎತ್ತಿಕೊಂಡಳು.

“ಇದು ಭಾರೀ ಪಾಪ, ಸಾಧು ಮರಿ. ಪಟಾಕಿಗೂ ಹೆದರುವುದಿಲ್ಲ,” ಎಂದರು ಮಾವ.

ನನ್ನ ಮೈ ಉರಿದುಹೋಯಿತು. ತಟ್ಟೆ ತಂದು ಮರಿಯ ತಲೆಯ ಹಿಂದೆ ಜೋರಾಗಿ ಬಡಿದೆ. ಹುಡುಗಿ ಬೆಚ್ಚಿ ಅತ್ತಳು. ಮರಿ ಅವಳ ಬೆರಳು ನೆಕ್ಕುತ್ತಲೇ ಇತ್ತು.