ಓಣಿ ದಾಟಿದ ನೀಲಿ ವೈರು

ಬೆಳಿಗ್ಗೆ ಬಿಸಿನೀರಿನ ಲೋಟ ಕೊಡಲು ಹೋದಾಗಲೆಲ್ಲ ನಮ್ಮ ಮಾವನವರು ಎಡಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದು ಕುಳಿತಿರುತ್ತಿದ್ದರು. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಕೂಗುವಾಗ ತಮ್ಮ ದನಿ ತಮಗೂ ಕೇಳಲೆಂದು ಹಿಡಿದ ಕೈ ಅದು. ನಿವೃತ್ತರಾಗಿ ಕೊಟ್ಟೂರಿನ ಮನೆಗೆ ಬಂದ ಮೇಲೂ ಇಳಿಯಲಿಲ್ಲ. ಆ ಕಿವಿಯ ಅಂಚಿನ ಬಿಳಿಕೂದಲು ಅಂಗೈಯ ಒತ್ತಿಗೆ ಒಂದೇ ಕಡೆ ಬಾಗಿತ್ತು.

ಆ ಬೆಳಿಗ್ಗೆಯೂ ಎಂದಿನಂತೆಯೇ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಹಾಲು ಕಾಯಿಸಿದೆ, ಒಗ್ಗರಣೆಗೆಂದು ಮಂಡಕ್ಕಿ ನೆನೆಸಿದೆ. ಮಾವನವರು ಮಾತ್ರ ಹಳೆಯ ಖಾಕಿ ಅಂಗಿಗೆ ಇಸ್ತ್ರಿ ಮಾಡಿ ತೊಟ್ಟಿದ್ದರು. ಮೇಲಿನ ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತು. ಹೇಳಿದೆ.

"ಇರ್ಲಿ ಬಿಡವ್ವ, ಆಕಾಶದಾಗ ಯಾರು ನೋಡ್ತಾರ," ಎಂದರು. ನಗಲಿಲ್ಲ.

ಆಕಾಶವೆಂದರೆ ನಮ್ಮ ಪಡಸಾಲೆಯ ಪಕ್ಕದ ಕೋಣೆ. ಅಲ್ಲೊಂದು ವಿಮಾನದ ಕಾಕ್‌ಪಿಟ್ ಇತ್ತು. ಗುಜರಿ ಬಸ್ಸಿನ ಡ್ರೈವರ್ ಸೀಟು, ಸುತ್ತ ಕಬ್ಬಿಣದ ಚೌಕಟ್ಟು, ಮುಂದೆ ಎರಡು ಹಳೆಯ ಟೀವಿ, ಕೆಟ್ಟ ಮಿಕ್ಸಿಗಳಿಂದ ಕಿತ್ತ ಗುಂಡಿಗಳು. ಕಂಪ್ಯೂಟರ್ ಹಾಕಿದರೆ ಟೀವಿಯಲ್ಲಿ ರನ್‌ವೇ ಮೂಡುತ್ತಿತ್ತು, ಹಿಡಿ ಎಳೆದರೆ ನೆಲ ಕೆಳಗೆ ಜಾರುತ್ತಿತ್ತು. ನಿಜವಾದ ವಿಮಾನವನ್ನು ಅವರು ಹತ್ತಿದವರಲ್ಲ. "ಜೀವಮಾನ ಎಲ್ಲಾ ಮಂದೀನ್ನ ಹತ್ತಿಸಿ ಕಳಿಸಿದೆ. ಒಮ್ಮೆ ನಾನೂ ಹೋಗಬೇಕಲ್ಲ," ಎನ್ನುತ್ತಿದ್ದರು.

ಆ ಚೌಕಟ್ಟನ್ನು ಬೆಸೆದವರು ಎದುರು ಮನೆಯ ಚಾಚಾ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಮಾವನವರ ಹಳೆಯ ಗೆಳೆಯರು. ಸೀಟು ಹುಡುಕಿ ತಂದದ್ದು, ಗುಂಡಿಗೊಂದು ವೈರು ಕೂಡಿಸಿದ್ದು, ಎಲ್ಲ ಅವರೇ. ಅವರ ಚಪ್ಪಲಿಯ ಸಪ್ಪಳ ಕೇಳಿದರೆ ನಾನು ಚಹಾಕ್ಕೆ ನೀರು ಇಡುತ್ತಿದ್ದೆ.

ಹಿಂದಿನ ಬೇಸಿಗೆಯಲ್ಲಿ ಕಾಲೇಜಿನವರು ಕಾಕ್‌ಪಿಟ್ ನೋಡಲು ಬಂದು, ಮಾವನವರ ಕೊರಳಪಟ್ಟಿಗೆ ಪುಟ್ಟ ಮೈಕು ಸಿಕ್ಕಿಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಮಾವನವರ ಕೈ ಕಿವಿಯ ಹಿಂದೆ ಹೋಯಿತು. "ಎಲ್ಲಾ ನಾನ. ನಾ ಒಬ್ಬನ," ಎಂದರು.

ಚಾಚಾ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು, ಕೈಯಲ್ಲಿ ನಟ್ಟು ಬಿಗಿಯುವ ಪಾನಾ. ಅದನ್ನು ಹೆಗಲಮೇಲಿನ ಬಟ್ಟೆಯಿಂದ ಒರೆಸಿ, ಸೀಟಿನ ಕೆಳಗೆ ಅದರ ಜಾಗದಲ್ಲೇ ಇಟ್ಟು, "ಬರ್ತೀನ್ರಿ," ಎಂದು ಹೊರಟರು. ಗೆಳೆಯನಿಗೆ ಅವರು ಎಂದೂ ಹಾಗೆ ಬಹುವಚನ ಹಚ್ಚಿದವರಲ್ಲ. ನಾನು ಟ್ರೇ ಹಿಡಿದು ನೆಲ ನೋಡುತ್ತಿದ್ದೆ.

ಆಮೇಲೆ ಅವರು ಬರಲಿಲ್ಲ. ಊಟಕ್ಕೆ ಕುಳಿತ ಮಾವನವರು ಅನ್ನ ಕಲಸುತ್ತಲೇ ಇದ್ದು, "ಮೈಕ್ ಕಂಡ್ರ ನನ್ ಬಾಯಿ ನಂದಲ್ಲವ್ವ," ಎಂದು ಕೈ ತೊಳೆದುಕೊಂಡರು. ಸಂತೆಗೆ ಹೋಗುವಾಗಲೂ ಎದುರು ಮನೆಗೆ ಹೊಂದಿಕೊಂಡಿದ್ದ ಚಾಚಾನ ಗ್ಯಾರೇಜಿನ ಮುಂದೆ ಹಾಯದೆ, ಹಿತ್ತಿಲ ಬಾಗಿಲಿನಿಂದ ಸುತ್ತಿಕೊಂಡು ಹೋಗತೊಡಗಿದರು. ಅತ್ತ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಿಡಿ ಹಾರುತ್ತಿತ್ತು. ಚಾಚಾ ತಮ್ಮದೇ ಒಂದು ಕಾಕ್‌ಪಿಟ್ ಕಟ್ಟುತ್ತಿದ್ದರು. ಮಾವನವರು ಕಿಟಕಿಯ ಪರದೆಯನ್ನು ಬೆರಳಷ್ಟು ಸರಿಸಿ ನೋಡುತ್ತಿದ್ದರು.

ಕೊನೆಗೆ ನನ್ನನ್ನೇ ಕಳಿಸಿದರು. "ಎರಡೂ ಕೂಡಿಸಿ ಒಂದ ವಿಮಾನ ಮಾಡೋಣಂತ ಕೇಳವ್ವ. ನಾ ಅಂದೆ ಅನಬ್ಯಾಡ. ಕಂಪ್ಯೂಟರಿನಾಗ ಹಂಗ ಬರತೈತಂತ ಅನ್ನು."

ಚಾಚಾ ಕೇಳಿ, "ವೈರು ನಾ ಎಳೀತೀನಿ," ಎಂದಷ್ಟೇ ಹೇಳಿದರು. ಗ್ಯಾರೇಜಿನಿಂದ ಓಣಿಯ ಮೇಲೆ ಹಾಯ್ದು ನಮ್ಮ ಕಿಟಕಿಗೆ ನೀಲಿ ವೈರು ಬಂತು. ಅದನ್ನು ಕಟ್ಟುವಾಗಲೂ ಚಾಚಾ ಒಳಗೆ ಕಾಲಿಡಲಿಲ್ಲ.

ಹೀಗೆ ಕೂಡಿಸಿದರೆ ಎರಡು ಮನೆಯಲ್ಲಿ ಕುಳಿತವರು ಒಂದೇ ವಿಮಾನ ನಡೆಸಬಹುದು. ಆದರೆ ಒಬ್ಬರು ಕ್ಯಾಪ್ಟನ್ ಆಗಬೇಕು, ಇನ್ನೊಬ್ಬರು ಜೊತೆಗಾರ. ಕ್ಯಾಪ್ಟನ್ನನ ಕಂಪ್ಯೂಟರ್ ಕರೆಯಬೇಕು, ಜೊತೆಗಾರನದು ಓಗೊಡಬೇಕು. ಯಾರು ಏನೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಖಾಕಿ ಅಂಗಿ ತೊಟ್ಟ ಆ ಬೆಳಿಗ್ಗೆ ಮಾವನವರು ಹೆಡ್‌ಫೋನ್ ಹಾಕಿ ಕುಳಿತರು. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ನಿಂತೇ ಇತ್ತು. "ಕಾನ್ವೆಂಟವ್ವ, ಏನಂತೈತಿ ನೋಡು ಬಾ," ಎಂದು ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನನ್ನು ಕರೆದರು.

"ಕ್ಯಾಪ್ಟನ್ ಕರೀಲಿ ಅಂತ ಕಾಯಾಕತ್ತೈತ್ರಿ ಮಾವ."

"ಕ್ಯಾಪ್ಟನ್ ಅವನ. ನಾ ಜೊತಿಗಾರ ಅಂತ ಹಾಕ್ಕೊಂಡೀನಿ." ಬಹಳ ಹೊತ್ತು ಕಾದರು. "ಕರೀವಲ್ಲ ನೋಡು. ಸಿಟ್ಟು ಇಳಿದಿಲ್ಲ ಅವಂಗ. ಇಳೀಬಾರ್ದು, ಬಿಡು."

ಮಂಡಕ್ಕಿಯ ನೆಪ ಮಾಡಿ ತಟ್ಟೆ ಹಿಡಿದು ನಾನು ಓಣಿ ದಾಟಿದೆ. ಚಾಚಾ ತಮ್ಮ ಸೀಟಿನಲ್ಲಿ, ಮದುವೆಗೆ ಹೊರಟವರಂತೆ ಪಾಲಿಶ್ ಮಾಡಿದ ಬೂಟು ಹಾಕಿ, ಕೈ ಮಡಿಚಿ ಕುಳಿತಿದ್ದರು. ಅವರ ಪರದೆಯ ಮೇಲೂ ಅದೇ ಸಾಲು.

"ಯಾಕವ್ವ, ನಿಮ್ ಮಾವ ನನ್ನ ಕರೀವಲ್ಲ?" ಎಂದರು.

"ನೀವ ಕರೀಬೇಕ್ರಿ ಚಾಚಾ. ಕ್ಯಾಪ್ಟನ್ ನೀವಂತ."

"ನಾನಾ?" ಎಂದು ಅವರು ತಟ್ಟೆ ನೋಡಿದರು. "ಅವ ಬಿಡು ಅಂದ್ರ ಗಾಡಿ ಬಿಡ್ತಿದ್ವಿ, ನಿಲ್ಲು ಅಂದ್ರ ನಿಲ್ಲಸ್ತಿದ್ವಿ. ಹಂಗ ಅಂತ ಅವನ್ನ ಮುಂದ ಹಾಕಿ, ನಾನೂ ಜೊತಿಗಾರ ಅಂತ ಕುಂತೀನಿ."

ತಿರುಗಿ ಬಂದು ಹೇಳಿದೆ. ಮಾವನವರ ಆ ಕಿವಿ ಕೆಂಪಗಾಯಿತು. "ಈಗಲೂ ನನ್ನ ಮುಂದ ಕುಂದ್ರಿಸ್ಯಾನಾ?" ಎಂದು ಹೆಡ್‌ಫೋನ್ ತೆಗೆದಿಟ್ಟು, ಎದ್ದು, ಮುಂಬಾಗಿಲಿನಿಂದಲೇ ಹೊರಟರು. ಬರಿಗಾಲು ನನ್ನ ರಂಗೋಲಿಯ ಮೇಲೆ ಬಿತ್ತು.

ಗ್ಯಾರೇಜಿನ ಬಾಗಿಲಲ್ಲಿ ನಿಂತಾಗ ಅವರ ಕೈ ಕಿವಿಯವರೆಗೆ ಹೋಗಿ ಕೆಳಗಿಳಿಯಿತು.

"ಆವತ್ತು ಕಾಲೇಜಿನೋರ ಮುಂದ..."

"ಗೊತ್ತಲೇ. ಬ್ಯಾಡ ಬಿಡು."

"ನಾ ಒಬ್ಬನ ಅಂದೆ. ಸುಳ್ಳದು. ನಿನ್ನ ಮುಂದ ನಿಂತ ಹೇಳಿದೆ."

ಚಾಚಾ ಮಂಡಕ್ಕಿ ತಟ್ಟೆಯನ್ನು ಅವರತ್ತ ಸರಿಸಿದರು. "ಇಷ್ಟು ಸಣ್ಣ ದನ್ಯಾಗ ನೀ ಮಾತಾಡಿದ್ದು ಇದ ಮೊದ್ಲು. ಕುಂದ್ರಲೇ, ಮೆತ್ತಗಾಗ್ತಾವ."

ಮಾವನವರು ಕೂರಲಿಲ್ಲ. ಚಾಚಾನ ಕಂಪ್ಯೂಟರಿನಲ್ಲಿ ತಮ್ಮ ಕೈಯಿಂದಲೇ ಗೆಳೆಯನನ್ನು ಕ್ಯಾಪ್ಟನ್ ಎಂದು ಒತ್ತಿ, ತಲೆ ತಗ್ಗಿಸಿ ಮನೆಗೆ ಬಂದರು. ಆ ದಿನ ವಿಮಾನ ಬಳ್ಳಾರಿಯಿಂದ ಎದ್ದು ಕೂಡ್ಲಿಗಿಯ ಮೇಲೆ ಹಾಯಿತು. ಕೆಳಗೆ ಕಂದು ನೆಲ, ಹೆದ್ದಾರಿಯ ಗೆರೆ, ಅಷ್ಟೇ.

"ಬಸ್ ಸ್ಟ್ಯಾಂಡ ಇಲ್ಲಲೇ ಇದರಾಗ," ಎಂದರು ಮಾವನವರು ಮೈಕಿನಲ್ಲಿ, ಮೆಲ್ಲಗೆ. ಆ ಕಡೆಯಿಂದ ನಗು ಕೇಳಿಸಿತು.

ಈಗ ಮಾವನವರಿಲ್ಲ. ಕೊನೆಯವರೆಗೂ ಅವರು ಜೊತೆಗಾರನಾಗಿಯೇ ಹಾರಿದರು. ಮನೆಗೆ ಯಾರೇ ಬಂದು ಕೇಳಿದರೂ, ಉತ್ತರಕ್ಕೆ ಮೊದಲು ಕಿಟಕಿ ತೆರೆದು ಎದುರು ಮನೆ ತೋರಿಸುತ್ತಿದ್ದರು. ತಲೆ ತಗ್ಗಿಸಿದ ಮನುಷ್ಯ ಓಣಿ ದಾಟಬಲ್ಲ ಎಂಬುದನ್ನು ನಾನು ಕಲಿತದ್ದು ಅವರಿಂದ. ನನಗೆ ಇನ್ನೂ ಅಷ್ಟು ಸುಲಭವಾಗಿ ಬರುವುದಿಲ್ಲ.

ಅವರು ಬರಿಗಾಲಲ್ಲಿ ಓಣಿ ದಾಟಿದ ಆ ದಿನ ಸಂಜೆ ನಾನು ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದೆ. ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ಮಡಿಚುತ್ತ, ನನ್ನತ್ತ ನೋಡದೆಯೇ ಕೇಳಿದಳು: "ಬೆಳಿಗ್ಗಿ ನಿಮ್ ಮಾವಾರು ಚಪ್ಲಿ ಇಲ್ದ ಎದ್ರು ಮನಿಗೆ ಹೋದ್ರಲ್ರಿ. ಏನಾರ ಕಳ್ಕಂಡಿದ್ರೇನು?"